ಮುಟ್ಟು ತಡವಾಗಿದೆ, ಪರೀಕ್ಷೆ ನೆಗೆಟಿವ್ ಬಂದಿದೆ: ಈಗ ಏನು ಮಾಡಬೇಕು?

ಪ್ರಶ್ನೆ: ನನಗೆ 27 ವರ್ಷ. ಮದುವೆಯಾಗಿ ಎರಡು ವರ್ಷವಾಯಿತು. ಮೊದಲೆಲ್ಲ 29–30 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುತ್ತಿತ್ತು. ಈ ವರ್ಷ ಜನವರಿ 4, ಫೆಬ್ರವರಿ 3, ಮಾರ್ಚ್ 16, ಏಪ್ರಿಲ್ 17 ಮತ್ತು ಜೂನ್ 8ರಂದು ಆಗಿದೆ. ಇಂದು ಜುಲೈ 22, ಇನ್ನೂ ಆಗಿಲ್ಲ. ಮೊಬೈಲ್ ಆ್ಯಪ್ 14 ದಿನ ತಡ ಎಂದು ತೋರಿಸುತ್ತಿದೆ. ಜುಲೈ 12ರಂದು ಮನೆಯಲ್ಲೇ ಗರ್ಭಧಾರಣೆಯ ಪರೀಕ್ಷೆ ಮಾಡಿಕೊಂಡೆ, ನೆಗೆಟಿವ್ ಬಂತು. ಒಂದೂವರೆ ವರ್ಷದಲ್ಲಿ ಎಂಟು ಕಿಲೋ ತೂಕ ಹೆಚ್ಚಿದೆ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದೆ. ಫೆಬ್ರವರಿಯಿಂದ ರಾತ್ರಿ ಪಾಳಿಯ ಕೆಲಸ. ಮೇ ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂ ಅಂಡಾಶಯಗಳಲ್ಲಿ ಸಣ್ಣ ಗುಳ್ಳೆಗಳಿವೆ, ಪಿಸಿಒಡಿ ಇರಬಹುದು ಎಂದು ವರದಿ ಬಂತು. ಮುಟ್ಟು ಬರಿಸುವ ಮಾತ್ರೆ ತೆಗೆದುಕೊಳ್ಳಲೇ? ಮುಂದೆ ನನಗೆ ಮಕ್ಕಳಾಗುತ್ತವೆಯೇ?

ಉತ್ತರ: ಇಷ್ಟು ಆತಂಕದಲ್ಲಿದ್ದರೂ ನೀವು ತಾರೀಖುಗಳನ್ನು ಒಂದೂ ಬಿಡದೆ ಬರೆದು ಕಳುಹಿಸಿದ್ದೀರಿ. ಅದರಿಂದ ನನ್ನ ಕೆಲಸ ಎಷ್ಟೋ ಹಗುರವಾಯಿತು. "ಈಚೆಗೆ ಮುಟ್ಟು ಸರಿಯಾಗಿ ಆಗುತ್ತಿಲ್ಲ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಐದು ತಾರೀಖುಗಳಿದ್ದರೆ ಬಹಳಷ್ಟು ತಿಳಿಯುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಋತುಚಕ್ರವನ್ನು ಎಣಿಸುವುದು ರಕ್ತಸ್ರಾವ ಆರಂಭವಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ. ಸ್ರಾವ ನಿಂತ ದಿನದಿಂದ ಎಣಿಸುವವರು ಬಹಳ ಮಂದಿ ಇದ್ದಾರೆ, ಹಾಗೆ ಎಣಿಸಿದರೆ ಲೆಕ್ಕ ನಾಲ್ಕೈದು ದಿನ ತಪ್ಪುತ್ತದೆ. ನಿಮ್ಮ ತಾರೀಖುಗಳ ಪ್ರಕಾರ ಚಕ್ರಗಳ ಉದ್ದ 30, 41, 32 ಮತ್ತು 52 ದಿನ. ಈಗಿನ ಚಕ್ರದಲ್ಲಿ 44 ದಿನ ಕಳೆದಿವೆ. ವಯಸ್ಕ ಮಹಿಳೆಯರಲ್ಲಿ 24ರಿಂದ 38 ದಿನದೊಳಗಿನ ಚಕ್ರವನ್ನು ಸಹಜವೆಂದು ಪರಿಗಣಿಸುತ್ತೇವೆ. ಒಂದೊಂದು ತಿಂಗಳು ಒಂದೊಂದು ರೀತಿ ಇರುವುದೂ ಸಹಜವೇ. ಆದರೆ ನಿಮ್ಮ ವಯಸ್ಸಿನಲ್ಲಿ ಅತಿ ಚಿಕ್ಕ ಚಕ್ರಕ್ಕೂ ಅತಿ ಉದ್ದದ ಚಕ್ರಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಏಳು ದಿನ ದಾಟಬಾರದು. ನಿಮ್ಮಲ್ಲಿ ಅದು 22 ದಿನ. ಹಾಗಾಗಿ "ಇದೆಲ್ಲ ಮಾಮೂಲು, ಸುಮ್ಮನಿರಿ" ಎಂದು ನಾನು ಹೇಳುವುದಿಲ್ಲ. ಕಾರಣ ಹುಡುಕಬೇಕಾದ ಏರುಪೇರು ಇದು. ಹಾಗೆಂದು ಇಂದು ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿಯೂ ಅಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಂಥ ಏರುಪೇರು ಇಲ್ಲದಿದ್ದರೂ ನಿದ್ದೆಗೆಡಿಸಿಕೊಳ್ಳುವವರು ಅನೇಕರಿದ್ದಾರೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗಲೇಬೇಕು ಎಂಬ ನಿಯಮ ದೇಹಕ್ಕಿಲ್ಲ. ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ ಸರಿಯಾಗಿ 28 ದಿನಗಳ ಚಕ್ರಗಳು ಶೇಕಡಾ 13ರಷ್ಟು ಮಾತ್ರ ಇದ್ದವು. ಪ್ರತಿಸಲವೂ 34 ದಿನಕ್ಕೆ ಆಗುವವರು ಆರು ದಿನ "ತಡ"ವಾದವರಲ್ಲ, ಅವರ ಚಕ್ರವೇ ಅಷ್ಟು ಉದ್ದದ್ದು. ವರ್ಷದಲ್ಲಿ ಒಂದು ಸಲ ಹತ್ತು ದಿನ ಮುಂದಕ್ಕೆ ಹೋದರೆ ಅದನ್ನೂ ಅನಿಯಮಿತ ಮುಟ್ಟು ಎನ್ನಲಾಗದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮುಟ್ಟು ತಡವಾಯಿತು ಎಂದಾಗ ನಾವು ಮುಟ್ಟಿನ ದಿನವನ್ನೇ ನೋಡುತ್ತಾ ಕೂರುತ್ತೇವೆ. ತಡವಾಗಿರುವುದು ಬಹುತೇಕ ಅದಕ್ಕಿಂತ ಎರಡು ವಾರ ಮೊದಲೇ, ಅಂಡಾಣು ಬಿಡುಗಡೆಯಾಗುವ ಹಂತದಲ್ಲಿ.

ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಗಂಟೆ, ಒಂದೂವರೆ ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ರಾಸಾಯನಿಕ ಸೂಚನೆ ಕಳುಹಿಸುತ್ತದೆ. ಪಿಟ್ಯುಟರಿಯಿಂದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನುಗಳು ಅಂಡಾಶಯಕ್ಕೆ ತಲುಪುತ್ತವೆ. ಅಲ್ಲಿ ಹಲವು ಅಂಡಕೋಶಿಕೆಗಳು, ಅಂದರೆ ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು, ಬೆಳೆಯಲು ಆರಂಭಿಸುತ್ತವೆ, ಕೊನೆಗೆ ಸಾಮಾನ್ಯವಾಗಿ ಒಂದೇ ಪೂರ್ತಿ ಬೆಳೆಯುತ್ತದೆ. ಅದು ಹೊರಸೂಸುವ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತದೆ. ಈಸ್ಟ್ರೋಜನ್ ಒಂದು ಮಟ್ಟ ಮುಟ್ಟಿದಾಗ ಎಲ್‌ಎಚ್ ಒಮ್ಮೆಲೇ ಏರಿ, ಸುಮಾರು 36 ಗಂಟೆಗಳಲ್ಲಿ ಅಂಡಾಣು ಹೊರಬೀಳುತ್ತದೆ. ಖಾಲಿಯಾದ ಕೋಶಿಕೆ ಅಲ್ಲಿಂದ ಮುಂದೆ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಗರ್ಭ ನಿಲ್ಲದಿದ್ದರೆ ಅದರ ಆಯುಷ್ಯ ಸುಮಾರು ಎರಡು ವಾರ ಮಾತ್ರ. ಅದು ಕುಗ್ಗಿದಾಗ ಪ್ರೊಜೆಸ್ಟರಾನ್ ಇಳಿಯುತ್ತದೆ, ಒಳಪದರ ಕಳಚಿ ಮುಟ್ಟಾಗುತ್ತದೆ.

ಅಂಡಾಣು ಬಿಡುಗಡೆಯಿಂದ ಮುಟ್ಟಿನವರೆಗಿನ ಈ ಎರಡನೆಯ ಅವಧಿ ಹೆಚ್ಚು ಹಿಗ್ಗುವುದಿಲ್ಲ. ಹೆಚ್ಚಿನವರಲ್ಲಿ 10ರಿಂದ 16 ದಿನದೊಳಗೆ ಮುಗಿಯುತ್ತದೆ. ಹಿಗ್ಗುವುದು, ಕುಗ್ಗುವುದು ಎಲ್ಲ ಮೊದಲನೆಯ ಅವಧಿಯಲ್ಲೇ. ಜಪಾನಿನ ವೈದ್ಯ ಕ್ಯುಸಾಕು ಒಗಿನೋ ಮತ್ತು ಆಸ್ಟ್ರಿಯಾದ ವೈದ್ಯ ಹರ್ಮನ್ ಕ್ನೌಸ್ 1920ರ ದಶಕದಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿ ಕಂಡುಕೊಂಡದ್ದು ಇದನ್ನೇ: ಅಂಡಾಣು ಬಿಡುಗಡೆಯಾದ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ಸಿಗುವುದಿಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಿಮ್ಮ ತಾರೀಖುಗಳನ್ನು ಹಾಗೆ ಎಣಿಸಿ ನೋಡಿ. ಮಾರ್ಚ್ 16ರ ಮುಟ್ಟಿಗೆ ಅಂಡಾಣು ಬಿಡುಗಡೆಯಾಗಿರುವುದು ಮಾರ್ಚ್ 2ರ ಆಸುಪಾಸಿನಲ್ಲಿ, ಅಂದರೆ ಚಕ್ರ ಆರಂಭವಾಗಿ ನಾಲ್ಕು ವಾರವಾದ ಮೇಲೆ. ಜೂನ್ 8ರ ಮುಟ್ಟಿಗೆ ಮೇ 25ರ ಸುಮಾರಿಗೆ. ಆ ಸಲ ಅಂಡಾಣು ಬಿಡುಗಡೆಯಾಗದೆಯೂ ಇದ್ದಿರಬಹುದು. ಅಂಡಾಣು ಬಿಡುಗಡೆಯಾಗದಿದ್ದರೂ ದಪ್ಪವಾದ ಒಳಪದರ ತಾನಾಗಿ ಅಲ್ಲಲ್ಲಿ ಕಳಚಿ ರಕ್ತ ಹೋಗುವುದುಂಟು. ಅಂಥ ಸ್ರಾವ ಒಮ್ಮೆ ಹನಿಹನಿಯಾಗಿರುತ್ತದೆ, ಒಮ್ಮೆ ಮಿತಿಮೀರಿ ಹೋಗುತ್ತದೆ. ರಕ್ತ ಕಂಡಿತು ಎಂದ ಮಾತ್ರಕ್ಕೆ ಅಂಡಾಣು ಬಿಡುಗಡೆಯಾಗಿತ್ತು ಎಂದು ತಿಳಿಯಬಾರದು.

ಇದೇ ಲೆಕ್ಕ ನಿಮ್ಮ ಗರ್ಭಧಾರಣೆ ಪರೀಕ್ಷೆಗೂ ಅನ್ವಯಿಸುತ್ತದೆ. ಪರೀಕ್ಷಾ ಪಟ್ಟಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲಷ್ಟೇ ಅದು ರಕ್ತಕ್ಕೂ ಮೂತ್ರಕ್ಕೂ ಬರುತ್ತದೆ. ಅಂಟಿಕೊಳ್ಳುವುದಕ್ಕೆ ಅಂಡಾಣು ಬಿಡುಗಡೆಯಾದ ನಂತರ ಆರರಿಂದ ಹನ್ನೆರಡು ದಿನ ಬೇಕು. ಈ ಸಲ ಅಂಡಾಣು ಜುಲೈ 6ಕ್ಕೆ ಬಿಡುಗಡೆಯಾಗಿದ್ದರೆ, ಜುಲೈ 12ರ ಪರೀಕ್ಷೆಯಲ್ಲಿ ಪಾಸಿಟಿವ್ ಕಾಣಿಸಲು ಸಾಧ್ಯವೇ ಇರಲಿಲ್ಲ. ಚಕ್ರ ಕ್ರಮಬದ್ಧವಾಗಿ ಇರುವವರಿಗೆ "ಮುಟ್ಟು ತಪ್ಪಿದ ದಿನವೇ ಪರೀಕ್ಷೆ ಮಾಡಿ" ಎಂಬ ಸೂಚನೆ ಸರಿಹೋಗುತ್ತದೆ. ನಿಮಗೆ ಮುಟ್ಟು ತಪ್ಪಿದ ದಿನ ಯಾವುದೆಂದೇ ಗೊತ್ತಿಲ್ಲ. ಆದ್ದರಿಂದ ಬೇರೆ ನಿಯಮ ಇಟ್ಟುಕೊಳ್ಳಿ: ಗರ್ಭನಿರೋಧಕ ಬಳಸದೆ ನಡೆದ ಕೊನೆಯ ಸಂಪರ್ಕದಿಂದ 21 ದಿನ ಕಳೆದ ನಂತರದ ನೆಗೆಟಿವ್ ಮಾತ್ರ ನಂಬಬಹುದಾದ ನೆಗೆಟಿವ್. ಆ ಪ್ರಕಾರ ಜುಲೈ 12ರ ನಿಮ್ಮ ಫಲಿತಾಂಶ ಜೂನ್ 21ರ ತನಕದ ದಿನಗಳಿಗಷ್ಟೇ ಉತ್ತರ ಕೊಟ್ಟಿದೆ. ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಮೊದಲ ಮೂತ್ರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಈಚಿನ ಮೂರು ವಾರಗಳಲ್ಲಿ ಸಂಪರ್ಕವಾಗಿದ್ದರೆ, ಅದರಿಂದ 21 ದಿನ ಕಳೆದ ಮೇಲೆ ಇನ್ನೊಮ್ಮೆ ಮಾಡಿ. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದರಿಂದಲೂ ಮುಟ್ಟು ಒಂದು ವಾರದಷ್ಟು ಹಿಂದುಮುಂದಾಗುತ್ತದೆ.

ಪಾಸಿಟಿವ್ ಬಂದು, ಅಥವಾ ಪರೀಕ್ಷೆಯನ್ನೇ ಮಾಡದೆ ಇರುವಾಗ, ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ಜೊತೆಗೆ ಸ್ವಲ್ಪ ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ ಕ್ಷಣವೂ ಕಾಯಬೇಡಿ. ಗರ್ಭನಾಳದಲ್ಲಿ ಗರ್ಭ ನಿಂತು ಅದು ಒಡೆದಿರುವ ಸಾಧ್ಯತೆ ಇರುತ್ತದೆ. ತಡವಾಗಿ ಬಂದ ಅಲ್ಪ ಸ್ರಾವವನ್ನು "ಅಂತೂ ಮುಟ್ಟಾಯಿತು" ಎಂದುಕೊಂಡು ನೋವನ್ನು ಸಹಿಸಿಕೊಂಡು ಕೂತವರು ಪ್ರಾಣಾಪಾಯಕ್ಕೆ ಸಿಲುಕುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ.

ಗರ್ಭ ಇಲ್ಲವೆಂದು ಖಚಿತವಾದ ಮೇಲೆ, ಅಂಡಾಣು ಬಿಡುಗಡೆ ಏಕೆ ತಡವಾಗುತ್ತಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಮಿದುಳಿನ ಆ ಸೂಚನೆ ಬಹಳ ಸೂಕ್ಷ್ಮವಾದದ್ದು. ಜೋರು ಜ್ವರ, ಆಪ್ತರ ಸಾವು, ಪರೀಕ್ಷೆಯ ಒತ್ತಡ, ಊಟ ತೀರಾ ಕಡಿಮೆ ಮಾಡಿ ಅವಸರದಲ್ಲಿ ತೂಕ ಇಳಿಸುವುದು, ದೇಹ ತಾಳುವುದಕ್ಕಿಂತ ಹೆಚ್ಚಿನ ವ್ಯಾಯಾಮ, ಇವೆಲ್ಲ ಅದನ್ನು ನಿಧಾನಗೊಳಿಸುತ್ತವೆ. ರಾತ್ರಿ ಪಾಳಿ ಮಾಡುವವರಲ್ಲಿ ಚಕ್ರ ಏರುಪೇರಾಗುವುದು ಹೆಚ್ಚು ಎಂಬುದೂ ನಿಜ. ನಿಮ್ಮ ಮೊದಲ ಉದ್ದದ ಚಕ್ರ ಆರಂಭವಾದದ್ದು ಪಾಳಿ ಬದಲಾದ ಫೆಬ್ರವರಿಯಲ್ಲೇ ಎಂಬುದನ್ನು ಗಮನಿಸಿದ್ದೇನೆ. ಆದರೂ ಅಲ್ಲಿಗೇ ನಿಲ್ಲಲು ನನಗೆ ಮನಸ್ಸಿಲ್ಲ. "ಒತ್ತಡ ಕಡಿಮೆ ಮಾಡಿಕೊಳ್ಳಿ, ಸರಿಹೋಗುತ್ತದೆ" ಎಂಬ ಮಾತನ್ನು ನಮ್ಮ ವೃತ್ತಿಯಲ್ಲಿ ತೀರಾ ಸುಲಭವಾಗಿ ಹೇಳಿಬಿಡುತ್ತೇವೆ. ಒತ್ತಡದಿಂದ ಒಂದೆರಡು ಚಕ್ರ ತಪ್ಪಬಹುದು. ಐದಾರು ತಿಂಗಳು ನಡೆದ ಏರುಪೇರನ್ನು ಒಂದೂ ರಕ್ತಪರೀಕ್ಷೆ ಮಾಡದೆ ಒತ್ತಡದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅದರಲ್ಲೂ ನೀವು ಗಲ್ಲದ ಕೂದಲಿನ ಬಗ್ಗೆ ಬರೆದಿದ್ದೀರಿ. ರಾತ್ರಿ ಪಾಳಿಯಿಂದ ಗಲ್ಲದ ಮೇಲೆ ಕೂದಲು ಬರುವುದಿಲ್ಲ.

ಇಲ್ಲಿ ಪಿಸಿಒಎಸ್ (ಪುರುಷ ಹಾರ್ಮೋನು ಹೆಚ್ಚಿ, ಅಂಡಾಣು ಬಿಡುಗಡೆ ಏರುಪೇರಾಗುವ ತೊಂದರೆ) ವಿಷಯಕ್ಕೆ ಬರಬೇಕು, ನಿಮ್ಮ ಸ್ಕ್ಯಾನಿಂಗ್ ವರದಿ ಪಿಸಿಒಡಿ ಎಂದು ಬರೆದಿರುವುದು ಇದನ್ನೇ. ವರದಿ ಓದಿ ನೀವು ಹೆದರಿದ್ದೀರಿ, ಸಹಜ. ಅದರಲ್ಲಿರುವ ಗುಳ್ಳೆಗಳು ಗಡ್ಡೆಗಳಲ್ಲ, ಕತ್ತರಿಸಿ ತೆಗೆಯಬೇಕಾದವೂ ಅಲ್ಲ. ಬೆಳೆಯಲು ಆರಂಭಿಸಿ ಅರ್ಧಕ್ಕೆ ನಿಂತ ಅಂಡಕೋಶಿಕೆಗಳು ಅವು, ಒಂದೊಂದೂ ಕೆಲವೇ ಮಿಲಿಮೀಟರ್ ಗಾತ್ರದವು. ಯಾವ ಸಮಸ್ಯೆಯೂ ಇಲ್ಲದ ಎಷ್ಟೋ ಯುವತಿಯರ ಅಂಡಾಶಯ ಸ್ಕ್ಯಾನಿಂಗ್‌ನಲ್ಲಿ ಹಾಗೆಯೇ ಕಾಣುತ್ತದೆ. ಮೇಲಾಗಿ ಮೇ 25ರ ತನಕ ನಿಮ್ಮಲ್ಲಿ ಅಂಡಾಣು ಬಿಡುಗಡೆಯಾಗಿರಲಾರದು ಎಂದು ಆಗಲೇ ಲೆಕ್ಕ ಹಾಕಿದೆವು, ಅಂಥ ಸಮಯದಲ್ಲಿ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಕಾಯುತ್ತಿರುವ ಕೋಶಿಕೆಗಳು ಕಂಡರೆ ಆಶ್ಚರ್ಯವಿಲ್ಲ. ಬರೀ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ ಎಂದು ತೀರ್ಮಾನಿಸುವಂತಿಲ್ಲ. ಮೊದಲ ಮುಟ್ಟಾಗಿ ಎಂಟು ವರ್ಷ ಆಗಿರದ ಹುಡುಗಿಯರಲ್ಲಂತೂ ಈ ಕಾಯಿಲೆ ಗುರುತಿಸಲು ಸ್ಕ್ಯಾನಿಂಗ್ ಬಳಸಲೇಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಒಪ್ಪಿಕೊಂಡ ಮಾನದಂಡವನ್ನೇ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ಅನುಸರಿಸುತ್ತೇವೆ. ಮೂರರಲ್ಲಿ ಎರಡು ಲಕ್ಷಣ ಇರಬೇಕು: ಅಂಡಾಣು ಬಿಡುಗಡೆ ಅಪರೂಪವಾಗಿ ಮುಟ್ಟು ಅನಿಯಮಿತವಾಗಿರುವುದು, ಪುರುಷ ಹಾರ್ಮೋನು ಹೆಚ್ಚಾಗಿರುವುದರ ಗುರುತು ಮೈಮೇಲೆ ಅಥವಾ ರಕ್ತದಲ್ಲಿ ಕಾಣುವುದು, ಸ್ಕ್ಯಾನಿಂಗ್‌ನಲ್ಲಿ ಹೇಳಿದಂಥ ಅಂಡಾಶಯ. ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ಪರಿಗಣಿಸಬಹುದು ಎಂದು 2023ರ ಮಾರ್ಗಸೂಚಿ ಸೇರಿಸಿದೆ. ಇದೆಲ್ಲ ಲೆಕ್ಕಕ್ಕೆ ಬರುವುದು ಬೇರೆ ಕಾಯಿಲೆಗಳಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ. ನಿಮ್ಮ ಮುಟ್ಟು ಅನಿಯಮಿತವಾಗಿದೆ, ಗಲ್ಲದ ಮೇಲೆ ದಪ್ಪ ಕೂದಲಿದೆ. ಆದ್ದರಿಂದ ಸ್ಕ್ಯಾನಿಂಗ್ ವರದಿಯನ್ನು ಪಕ್ಕಕ್ಕಿಟ್ಟರೂ ನನ್ನ ಅನುಮಾನ ಪಿಸಿಒಎಸ್ ಕಡೆಗೇ ಇದೆ. ಆದರೆ ನಿಮ್ಮನ್ನು ಕಣ್ಣಾರೆ ನೋಡದೆ, ರಕ್ತಪರೀಕ್ಷೆ ಇಲ್ಲದೆ ನಾನು ಹೆಸರು ಹಚ್ಚಲಾರೆ.

ತೂಕಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ತೂಕ ಹೆಚ್ಚಿದ್ದನ್ನು ಬರೆದಿದ್ದೀರಿ. ಪಿಸಿಒಎಸ್ ಇರುವ ಬಹಳ ಮಂದಿಯ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯದಲ್ಲಿ ಪುರುಷ ಹಾರ್ಮೋನಿನ ತಯಾರಿಕೆಯನ್ನು ಹೆಚ್ಚಿಸುತ್ತದೆ, ಕೋಶಿಕೆಗಳು ಪೂರ್ತಿ ಬೆಳೆಯದೆ ನಿಲ್ಲುತ್ತವೆ. ತೂಕ ಏರಿದಷ್ಟೂ ಈ ಸಮಸ್ಯೆ ಬಿಗಡಾಯಿಸುತ್ತದೆ. ಹಾಗೆಂದು ಇದು ನೀವು ತಂದುಕೊಂಡ ಕಾಯಿಲೆಯಲ್ಲ. ತೆಳ್ಳಗಿರುವವರಲ್ಲೂ ಪಿಸಿಒಎಸ್ ಇದೆ. "ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಎಂದು ಯಾರಾದರೂ ಪರೀಕ್ಷೆಯನ್ನೇ ಮಾಡದೆ ವಾಪಸ್ ಕಳುಹಿಸಿದರೆ ಬೇರೆ ವೈದ್ಯರ ಬಳಿ ಹೋಗಿ. ಹೆಚ್ಚು ತೂಕ ಇರುವವರು ಶೇಕಡಾ ಐದರಿಂದ ಹತ್ತರಷ್ಟು ಇಳಿಸಿಕೊಂಡರೂ ಅನೇಕರಲ್ಲಿ ಅಂಡಾಣು ಬಿಡುಗಡೆ ಮತ್ತೆ ಆರಂಭವಾಗುತ್ತದೆ ಎಂಬುದು ಮಾತ್ರ ಭರವಸೆಯ ಸಂಗತಿ. ಉಪವಾಸ ಮಾಡಿ ಇಳಿಸಲು ಹೋಗಬೇಡಿ, ಅದೂ ಮಿದುಳಿನ ಸೂಚನೆಯನ್ನು ಕೆಡಿಸುತ್ತದೆ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ, ಪಾಳಿ ಯಾವುದಿದ್ದರೂ ದಿನವೂ ಒಂದೇ ಹೊತ್ತಿಗೆ ಕತ್ತಲೆ ಕೋಣೆಯಲ್ಲಿ ಪೂರ್ತಿ ನಿದ್ದೆ, ಇಷ್ಟರಿಂದ ಆರಂಭಿಸಿ.

ವೈದ್ಯರನ್ನು ಕಂಡಾಗ ಗರ್ಭಧಾರಣೆ ಪರೀಕ್ಷೆಯ ಜೊತೆ ಥೈರಾಯ್ಡ್‌ಗಾಗಿ ಟಿಎಸ್‌ಎಚ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಪುರುಷ ಹಾರ್ಮೋನಾದ ಟೆಸ್ಟೊಸ್ಟಿರಾನ್, ಎಫ್‌ಎಸ್‌ಎಚ್, ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಮಾಡಿಸಿ. ಹುಟ್ಟಿನಿಂದ ಬರುವ ಅಡ್ರಿನಲ್ ಗ್ರಂಥಿಯ ದೋಷವೊಂದು ಪಿಸಿಒಎಸ್‌ನಂತೆಯೇ ಕಾಣಿಸಿಕೊಳ್ಳುತ್ತದೆ, ಅದಕ್ಕೂ ಒಂದು ರಕ್ತಪರೀಕ್ಷೆ ಇದೆ. ಥೈರಾಯ್ಡ್ ಕುಂದಿದರೆ ಮುಟ್ಟು ಅನಿಯಮಿತವಾಗಿ, ಹೆಚ್ಚಾಗಿ ಹೋಗುವುದುಂಟು. ತೂಕ ಏರುವುದು, ಸುಸ್ತು, ಮಲಬದ್ಧತೆ ಜೊತೆಗಿರುತ್ತವೆ. ಪ್ರೊಲ್ಯಾಕ್ಟಿನ್ ಏರಿದರೆ ಮಗು ಇಲ್ಲದಿದ್ದರೂ ಮೊಲೆಯಿಂದ ಹಾಲು ಒಸರಬಹುದು. ವಾಂತಿ ನಿಲ್ಲಿಸುವ ಡೊಂಪೆರಿಡೋನ್ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ಆದ್ದರಿಂದ ಸದ್ಯ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ಬರೆದುಕೊಂಡು ಹೋಗಿ. ಕೂದಲಿನ ಆರೈಕೆಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಅದು ಥೈರಾಯ್ಡ್ ಸೇರಿದಂತೆ ಹಲವು ಹಾರ್ಮೋನ್ ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸುತ್ತದೆ, ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಬೇಕು. ಅಂಡಾಣು ಬಿಡುಗಡೆಯಾಗಿದೆಯೇ ಎಂದು ತಿಳಿಯಲು "21ನೇ ದಿನ ಪ್ರೊಜೆಸ್ಟರಾನ್ ಮಾಡಿಸಿ" ಎಂದು ಬರೆದುಕೊಡುವ ರೂಢಿಯಿದೆ. 28 ದಿನದ ಚಕ್ರವಿರುವವರಿಗೆ ಅದು ಸರಿ. 45–50 ದಿನದ ಚಕ್ರದಲ್ಲಿ 21ನೇ ದಿನ ಆ ಪರೀಕ್ಷೆ ಮಾಡಿದರೆ ಕಡಿಮೆ ಬರುವುದು ಖಂಡಿತ, ಅದರಿಂದ ಏನೂ ತಿಳಿಯುವುದಿಲ್ಲ.

ಈಗ ಮುಟ್ಟು ಬರಿಸುವ ಮಾತ್ರೆಯ ವಿಷಯ. ನೀವಾಗಿ ತೆಗೆದುಕೊಳ್ಳಬೇಡಿ ಎಂಬುದೇ ನನ್ನ ಉತ್ತರ, ಏಕೆಂದು ವಿವರಿಸುತ್ತೇನೆ. ಆ ಮಾತ್ರೆಯಲ್ಲಿರುವುದು ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಔಷಧ. ಐದರಿಂದ ಹತ್ತು ದಿನ ನುಂಗಿ ನಿಲ್ಲಿಸಿದರೆ, ದಪ್ಪವಾಗಿದ್ದ ಒಳಪದರ ಸಾಮಾನ್ಯವಾಗಿ ಒಂದು ವಾರದೊಳಗೆ ಕಳಚುತ್ತದೆ. ರಕ್ತ ಕಂಡಿತು ಎಂದು ಸಮಾಧಾನವಾಗುತ್ತದೆ. ಆದರೆ ಅಂಡಾಣು ಬಿಡುಗಡೆ ಏಕೆ ನಿಂತಿತ್ತೋ ಆ ಕಾರಣ ಹಾಗೆಯೇ ಉಳಿದಿರುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಪಾಡು. ಗರ್ಭ ಇದೆಯೇ ಇಲ್ಲವೇ ಎಂದು ಖಚಿತಪಡಿಸಿಕೊಳ್ಳದೆ ಈ ಮಾತ್ರೆ ಕೊಡುವುದು ಕೆಟ್ಟ ಅಭ್ಯಾಸ. ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳು ತಿಂಗಳು ನುಂಗುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಎಷ್ಟೋ ಬಾರಿ ಥೈರಾಯ್ಡ್‌ನಂಥ ಸುಲಭವಾಗಿ ಹತೋಟಿಗೆ ತರಬಹುದಾದ ಕಾರಣ ವರ್ಷಗಟ್ಟಲೆ ಅದರ ಹಿಂದೆ ಅಡಗಿರುತ್ತದೆ.

ಅದೇ ಮಾತ್ರೆಗೆ ತಕ್ಕ ಜಾಗವೂ ಇದೆ. ಅಂಡಾಣು ಬಿಡುಗಡೆಯಾಗದೆ ತಿಂಗಳುಗಳು ಕಳೆದರೆ ಗರ್ಭಕೋಶದ ಒಳಪದರದ ಮೇಲೆ ಈಸ್ಟ್ರೋಜನ್ ಒಂದೇ ಕೆಲಸ ಮಾಡುತ್ತಿರುತ್ತದೆ, ಅದನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಇರುವುದಿಲ್ಲ. ಪದರ ಅತಿಯಾಗಿ ಬೆಳೆಯುತ್ತದೆ. ವರ್ಷಗಳ ಕಾಲ ಹೀಗೆಯೇ ಬಿಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಅದಕ್ಕಾಗಿಯೇ ಪಿಸಿಒಎಸ್ ಇರುವವರಿಗೆ 90 ದಿನ ದಾಟಿದರೂ ಮುಟ್ಟಾಗದಿದ್ದರೆ ಮಾತ್ರೆ ಕೊಟ್ಟು ಪದರ ಕಳಚುವಂತೆ ಮಾಡುತ್ತೇವೆ. ಮಾತ್ರೆಯ ನಂತರವೂ ರಕ್ತ ಬರದಿದ್ದರೆ ಅದೂ ಒಂದು ಸುಳಿವು: ಈಸ್ಟ್ರೋಜನ್ ತೀರಾ ಕಡಿಮೆಯಿರಬಹುದು, ಇಲ್ಲವೇ ಹಿಂದೆ ಗರ್ಭಕೋಶ ಶುಚಿಗೊಳಿಸಿದಾಗ ಅಥವಾ ಕ್ಷಯದಂಥ ಸೋಂಕಿನಿಂದ ಒಳಗೆ ಕಲೆಕಟ್ಟಿ ಗೋಡೆಗಳು ಅಂಟಿಕೊಂಡಿರಬಹುದು. ನಿಮಗೆ ಇನ್ನೂ 44 ದಿನ. ಮೊದಲು ಗರ್ಭಧಾರಣೆ ಪರೀಕ್ಷೆ, ನಂತರ ರಕ್ತಪರೀಕ್ಷೆ, ಆಮೇಲೆ ಬೇಕಿದ್ದರೆ ಮಾತ್ರೆ. ಸದ್ಯಕ್ಕೆ ಮಗು ಬೇಡವೆಂದಾದರೆ, ಮುಟ್ಟನ್ನು ಕ್ರಮಕ್ಕೆ ತಂದು ಕೂದಲನ್ನೂ ನಿಧಾನವಾಗಿ ತಗ್ಗಿಸಲು ಗರ್ಭನಿರೋಧಕ ಮಾತ್ರೆ ಒಳ್ಳೆಯ ದಾರಿ. ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಕಣ್ಣೆದುರು ಮಿಂಚು ಕಾಣಿಸಿ ಬರುವ ಅರೆತಲೆನೋವು ಅಥವಾ ಅಧಿಕ ರಕ್ತದೊತ್ತಡ ಇರುವವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಆಗದು. ಟೆಸ್ಟೊಸ್ಟಿರಾನ್ ಪರೀಕ್ಷೆಯನ್ನು ಮಾತ್ರೆ ಆರಂಭಿಸುವ ಮೊದಲೇ ಮಾಡಿಸಿ, ಆಮೇಲೆ ಮಾಡಿದರೆ ಫಲಿತಾಂಶ ಮಸುಕಾಗುತ್ತದೆ.

ನಿಮ್ಮ ಪತ್ರ ಓದುವ ಬೇರೆ ವಯಸ್ಸಿನವರಿಗೂ ಎರಡು ಮಾತು. ಮೊದಲ ಮುಟ್ಟಾದ ನಂತರದ ಎರಡು ಮೂರು ವರ್ಷ ಮಿದುಳು ಮತ್ತು ಅಂಡಾಶಯದ ನಡುವಿನ ಹೊಂದಾಣಿಕೆ ಇನ್ನೂ ಪಕ್ವವಾಗಿರುವುದಿಲ್ಲ, 45 ದಿನದವರೆಗಿನ ಚಕ್ರ ಆಗ ಸಹಜ. 15 ವರ್ಷ ತುಂಬಿದರೂ ಮೊದಲ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹಾಲೂಡಿಸುವ ತಾಯಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ಬರದಿರುವುದು ಸಹಜ, ಆದರೆ ಮೊದಲ ಮುಟ್ಟು ಕಾಣುವ ಮೊದಲೇ ಅಂಡಾಣು ಬಿಡುಗಡೆಯಾಗಿ ಗರ್ಭ ನಿಲ್ಲಬಹುದು. ನಲವತ್ತೈದರ ಆಸುಪಾಸಿನಲ್ಲಿ ಚಕ್ರ ಹಿಂದುಮುಂದಾಗುವುದು ಋತುಬಂಧದ ಮುನ್ಸೂಚನೆ. ಅದೇ ಲಕ್ಷಣ, ಮೈ ಬಿಸಿಯೇರಿ ಬೆವರುವುದರ ಜೊತೆಗೆ, ನಲವತ್ತಕ್ಕೂ ಮೊದಲೇ ಕಂಡರೆ ಅಂಡಾಶಯ ಅಕಾಲದಲ್ಲಿ ಸೋಲುತ್ತಿರಬಹುದು. ಮೂಳೆಗಳ ಬಲವೂ ಕುಂದುವುದರಿಂದ ಅದನ್ನು ನಿರ್ಲಕ್ಷಿಸಬಾರದು.

ಯಾವ ವಯಸ್ಸಿನಲ್ಲಾದರೂ, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ಸ್ರಾವ ಎರಡು ಗಂಟೆಗೂ ಹೆಚ್ಚು ನಿಲ್ಲದೆ ಹೋಗುತ್ತಿದ್ದರೆ, ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸ್ರಾವ ಎಂಟು ದಿನ ಮೀರಿದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ರಕ್ತ ಕಂಡರೆ ತೋರಿಸಿಕೊಳ್ಳಿ. ಋತುಬಂಧವಾಗಿ ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅಷ್ಟೇ.

ಇನ್ನು ಮುಂದೆ ದಿನಾಂಕದ ಜೊತೆ ಸ್ರಾವ ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು ಎಂಬುದನ್ನೂ ಬರೆದಿಡಿ. ನಡುವೆ ಕೆಲವು ದಿನ ಯೋನಿಸ್ರಾವ ಮೊಟ್ಟೆಯ ಬಿಳಿಯ ಲೋಳೆಯಂತೆ ತಿಳಿಯಾಗಿ, ಎಳೆಯಾಗಿ ಬಂದರೆ ಆ ದಿನಗಳನ್ನು ಗುರುತು ಹಾಕಿಕೊಳ್ಳಿ, ಅಂಡಾಣು ಬಿಡುಗಡೆ ಸಮೀಪಿಸುತ್ತಿದೆ ಎಂಬ ಸೂಚನೆ ಅದು. ಅದಾದ ಎರಡು ವಾರಕ್ಕೆ ಮುಟ್ಟಾದರೆ ಆ ಸಲ ಅಂಡಾಣು ಬಿಡುಗಡೆಯಾಗಿತ್ತು ಎಂದು ಬಹುಮಟ್ಟಿಗೆ ನಂಬಬಹುದು. ಆದರೆ ಪಿಸಿಒಎಸ್‌ನಲ್ಲಿ ಈ ಸೂಚನೆ ಹಲವು ಸಲ ಬಂದು ಹುಸಿಯಾಗುವುದೂ ಇದೆ, ಎಲ್‌ಎಚ್ ತೋರಿಸುವ ಮೂತ್ರಪರೀಕ್ಷೆಯ ಪಟ್ಟಿಗಳೂ ದಾರಿ ತಪ್ಪಿಸುತ್ತವೆ. ಆ್ಯಪ್ ತೋರಿಸುವ "14 ದಿನ ತಡ"ವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಅದು ಹಿಂದಿನ ತಿಂಗಳುಗಳ ಲೆಕ್ಕದ ಮೇಲೆ ಊಹೆ ಮಾಡುತ್ತದೆಯೇ ಹೊರತು ನಿಮ್ಮ ಅಂಡಾಶಯದಲ್ಲಿ ಈ ತಿಂಗಳು ನಡೆಯುತ್ತಿರುವುದು ಅದಕ್ಕೆ ಗೊತ್ತಿಲ್ಲ.

ಕೊನೆಯ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಪತ್ರದಿಂದ ತಿಳಿಯುತ್ತದೆ. ಪಿಸಿಒಎಸ್ ಇದ್ದರೂ ಹೆಚ್ಚಿನ ಮಹಿಳೆಯರು ತಾಯಿಯಾಗುತ್ತಾರೆ, ಹಲವರು ಚಿಕಿತ್ಸೆ ಇಲ್ಲದೆಯೇ. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾದರೆ ವರ್ಷಕ್ಕೆ ಹನ್ನೆರಡು ಹದಿಮೂರು ಅವಕಾಶ, 45–50 ದಿನಕ್ಕೊಮ್ಮೆ ಆದರೆ ಏಳೆಂಟು. ಅವಕಾಶ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅಂಡಾಣು ಬಿಡುಗಡೆಗೆ ನೆರವಾಗಲು ಲೆಟ್ರೊಜೋಲ್ ಎಂಬ ಮಾತ್ರೆಯನ್ನು ಇಂದು ಮೊದಲ ಆಯ್ಕೆಯಾಗಿ ಬಳಸುತ್ತೇವೆ, ಕೆಲವರಿಗೆ ಇನ್ಸುಲಿನ್ ಕೆಲಸಕ್ಕೆ ನೆರವಾಗುವ ಮೆಟ್‌ಫಾರ್ಮಿನ್ ಸೇರಿಸುತ್ತೇವೆ. 35ರೊಳಗಿನವರು ಒಂದು ವರ್ಷ ಪ್ರಯತ್ನಿಸಿದ ಮೇಲೆ ವೈದ್ಯರನ್ನು ಕಾಣಲಿ ಎಂಬ ಸಾಮಾನ್ಯ ಸಲಹೆ ಮುಟ್ಟು ಇಷ್ಟು ಅನಿಯಮಿತವಾಗಿರುವವರಿಗೆ ಅನ್ವಯಿಸುವುದಿಲ್ಲ. ಮಗು ಬೇಕು ಎಂದು ನಿರ್ಧರಿಸಿದ ದಿನವೇ ಬನ್ನಿ, ಪತಿಯ ವೀರ್ಯಪರೀಕ್ಷೆಯನ್ನೂ ಆರಂಭದಲ್ಲೇ ಮಾಡಿಸಿ. ದೋಷವೆಲ್ಲ ನಿಮ್ಮದೇ ಎಂದು ತಿಳಿದು ತಿಂಗಳುಗಟ್ಟಲೆ ನಿಮಗೊಬ್ಬರಿಗೇ ಚಿಕಿತ್ಸೆ ಕೊಡುವುದು ನ್ಯಾಯವಲ್ಲ, ವೈದ್ಯಕೀಯವಾಗಿಯೂ ಸರಿಯಲ್ಲ. ಪ್ರಯತ್ನ ಆರಂಭಿಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಿ. ಮಗು ಈಗಲೇ ಬೇಡವಾದರೆ, ಮುಟ್ಟು ತಡವಾಗುತ್ತಿದೆ ಎಂಬ ಕಾರಣಕ್ಕೆ ಗರ್ಭ ನಿಲ್ಲಲಾರದು ಎಂದುಕೊಳ್ಳಬೇಡಿ. ನಿಮ್ಮಲ್ಲಿ "ಸುರಕ್ಷಿತ ದಿನ" ಎಂದು ಎಣಿಸಿ ಹೇಳಬಹುದಾದ ದಿನವಿಲ್ಲ, ಕಾಂಡೋಮ್ ಅಥವಾ ವೈದ್ಯರು ಸೂಚಿಸಿದ ಬೇರೆ ವಿಧಾನವನ್ನು ಪ್ರತಿಸಲವೂ ಬಳಸಿ.